ಲೆಕ್ರೇ ಅವರ ನಾದ ಮತ್ತು ಸಹಗಾಯನಗಳು: ನಮ್ಮ ಗಾಯನ ಮಂಡಳಿಗೆ ಯಾವ ಹಾಡುಗಳನ್ನು ಕೇಳಿಸಲಿ?

ಪ್ರಶ್ನೆ — ಮಂಗಳೂರಿನ ಗಾಯಕಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಧರ್ಮಕೇಂದ್ರದ ಗಾಯನ ಮಂಡಳಿಯಲ್ಲಿ ಒಂಬತ್ತು ವರ್ಷಗಳಿಂದ ಹಾಡುತ್ತಿದ್ದೇನೆ. ಎರಡು ವರ್ಷಗಳಿಂದ ಕ್ರಿಸ್‌ಮಸ್ ಕಾರ್ಯಕ್ರಮದ ಹಾಡುಗಳನ್ನು ಆರಿಸಿ ಅಭ್ಯಾಸ ಮಾಡಿಸುವ ಹೊಣೆಯೂ ನನ್ನ ಮೇಲಿದೆ. ಪೂಜೆಯ ಹಾಡುಗಳ ವಿಷಯ ಬೇರೆ, ಅದರಲ್ಲಿ ಯಾವ ಬದಲಾವಣೆಯನ್ನೂ ನಾನು ಬಯಸುವುದಿಲ್ಲ. ನಾನು ಕೇಳುತ್ತಿರುವುದು ಪೂಜೆಯ ಬಳಿಕ ಚರ್ಚಿನ ಮೈದಾನದಲ್ಲಿ ನಡೆಯುವ ಸಾಂಸ್ಕೃತಿಕ ಕಾರ್ಯಕ್ರಮದ ಕುರಿತು. ಈ ಬಾರಿ ನಮ್ಮ ಯುವಕರು ಕನ್ನಡದಲ್ಲಿ ಒಂದು ರಾಪ್ ಹಾಡನ್ನು ತಾವೇ ಬರೆದು ಹಾಡಬೇಕೆಂದಿದ್ದಾರೆ, ಮತ್ತು ಅವರೆಲ್ಲರ ಮೊಬೈಲಿನಲ್ಲಿ ಇರುವುದು ಅಮೆರಿಕದ ರಾಪ್ ಗಾಯಕ ಲೆಕ್ರೇ ಅವರ ಹಾಡುಗಳು.

ತೊಂದರೆ ಇರುವುದು ಇಲ್ಲಿ. ಹಿಂದೊಮ್ಮೆ ಇಂಥದೇ ಒಂದು ಪ್ರಯತ್ನವನ್ನು, ಇದು ಕ್ಲಬ್ಬಿನ ಸಂಗೀತ ಎಂದು ಹೇಳಿ, ಹಾಡು ಅರ್ಧಕ್ಕೆ ಬಂದಿದ್ದಾಗಲೇ ನಿಲ್ಲಿಸಿದ್ದರು. ಹಾಡುತ್ತಿದ್ದ ಹುಡುಗ ಆಮೇಲೆ ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟ. ಆ ನೋವು ನನ್ನಲ್ಲಿ ಇನ್ನೂ ಇದೆ. ಆದ್ದರಿಂದ ಈ ಸಲ ಮೊದಲೇ ಸಮಿತಿಯ ಹಿರಿಯರ ಮುಂದೆ ಕುಳಿತು, ಮೂರು ಹಾಡುಗಳನ್ನು ಕೇಳಿಸಿ, ಈ ಸಂಗೀತ ಏನು, ಎಲ್ಲಿಂದ ಬಂತು ಎಂದು ವಿವರಿಸಬೇಕೆಂದಿದ್ದೇನೆ. ಅವರಲ್ಲಿ ಒಬ್ಬರು ಅಂತರ್ಜಾಲದಲ್ಲಿ ಹುಡುಕಿ, ಲೆಕ್ರೇ ಅವರು ಲೌಕಿಕ ಗಾಯಕರೊಡನೆ ಹಾಡಿದವರಲ್ಲವೇ ಎಂದು ಈಗಾಗಲೇ ಕೇಳಿದ್ದಾರೆ. ಅದು ನ್ಯಾಯವಾದ ಪ್ರಶ್ನೆಯೆಂದೇ ನನಗೆ ಅನಿಸುತ್ತದೆ, ಅದಕ್ಕೆ ಹಾರಿಕೆಯ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಅವರ ನಾದ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು, ಯಾರ ಜೊತೆ ಹಾಡಿದ್ದರಿಂದ ಏನು ಬದಲಾಯಿತು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ — ಮಲ್ಪೆಯ ಕೇಳುಗ

ತಾವು ಸರಿಯಾದ ಕಡೆಯಿಂದ ಆರಂಭಿಸಿದ್ದೀರಿ. ನಾನು ಇವರ ಹಾಡುಗಳನ್ನು ಹದಿನೈದು ವರ್ಷಗಳಿಂದ ಕೇಳುತ್ತಿದ್ದೇನೆ. ನನ್ನ ಅನುಭವದಲ್ಲಿ ಲೆಕ್ರೇ ಅವರ ನಾದವನ್ನು ಅರಿಯಲು ಅತ್ಯಂತ ಹತ್ತಿರದ ದಾರಿಯೆಂದರೆ ಅವರ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ನೋಡುವುದು. ಅವರು ಒಬ್ಬರೇ ಹಾಡಿದ ಹಾಡುಗಳಿಗಿಂತ ಜೊತೆಗಾರರನ್ನು ಆರಿಸಿಕೊಂಡ ಬಗೆಯಲ್ಲಿಯೇ ಅವರ ಯೋಚನೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಅವರು 1979ರಲ್ಲಿ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಹುಟ್ಟಿದವರು. 2004ರಲ್ಲಿ ಬೆನ್ ವಾಷರ್ ಅವರೊಡನೆ ಸೇರಿ ರೀಚ್ ರೆಕಾರ್ಡ್ಸ್ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿದರು; ಅದೇ ವರ್ಷ ಮೊದಲ ಆಲ್ಬಮ್ 'ರಿಯಲ್ ಟಾಕ್' ಬಂತು. ಆ ಕಾಲದ ಹಾಡುಗಳಲ್ಲಿ ಜೊತೆಗಾರರೆಲ್ಲ ಮನೆಯವರೇ: ಟ್ರಿಪ್ ಲೀ, ಟೆಡಾಶಿ ಮುಂತಾದ ಒಂದೇ ನಂಬಿಕೆಯ, ಒಂದೇ ಬಳಗದ ರಾಪರ್‌ಗಳು. ಆ ಬಳಗಕ್ಕೆ ಅವರು ಇಟ್ಟುಕೊಂಡ 116 ಎಂಬ ಹೆಸರು ರೋಮನರಿಗೆ ಸಂತ ಪೌಲನು ಬರೆದ ಪತ್ರದ ಒಂದನೇ ಅಧ್ಯಾಯದ ಹದಿನಾರನೇ ವಚನದಿಂದ ಬಂದದ್ದು. ಶುಭಸಂದೇಶದ ಬಗ್ಗೆ ತನಗೆ ನಾಚಿಕೆಯಿಲ್ಲ ಎಂದು ಪೌಲನು ಹೇಳುವ ವಚನ ಅದು. ಈ ಒಂದು ಸಂಗತಿಯನ್ನು ಹಿರಿಯರಿಗೆ ಮೊದಲು ಹೇಳಿ. ಆಗ ಮುಂದಿನದನ್ನು ಅವರು ಬೇರೆ ಕಿವಿಯಿಂದ ಕೇಳುತ್ತಾರೆ. ಆದರೆ ಆ ಆರಂಭದ ಹಾಡುಗಳು ಧರ್ಮೋಪದೇಶದ ತರಗತಿಯಂತೆ ಮಾತಿನಿಂದ ತುಂಬಿದ್ದು, ನಂಬಿಕೆಯ ವಿಷಯ ಗಟ್ಟಿಯಾಗಿದ್ದರೂ ಸಂಗೀತ ಮಾತಿನ ಹಿಂದೆ ಓಡುತ್ತಿರುವಂತೆ ಕೇಳಿಸುತ್ತದೆ ಎಂಬುದೂ ನಿಜ. 2008ರ 'ರೆಬೆಲ್' ಬಿಲ್‌ಬೋರ್ಡ್ ಪತ್ರಿಕೆಯ ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು, ಆದರೂ ಕೇಳುಗರ ವಲಯ ಬಹುಮಟ್ಟಿಗೆ ಚರ್ಚಿನೊಳಗಿನದೇ ಆಗಿತ್ತು.

ನನ್ನ ದೃಷ್ಟಿಯಲ್ಲಿ ತಿರುವು 2012. ಆ ವರ್ಷದ ಮೇ ತಿಂಗಳಲ್ಲಿ 'ಚರ್ಚ್ ಕ್ಲೋತ್ಸ್' ಎಂಬ ಮಿಕ್ಸ್‌ಟೇಪನ್ನು, ಅಂದರೆ ಹಾಡುಗಳ ಸಂಕಲನವನ್ನು, ಅವರು ಉಚಿತವಾಗಿ ಹೊರತಂದರು. ಅದನ್ನು ನಡೆಸಿಕೊಟ್ಟವರು ಲೌಕಿಕ ಹಿಪ್‌ಹಾಪ್ ಲೋಕದ ಪ್ರಸಿದ್ಧ ಡಿಜೆ ಡಾನ್ ಕ್ಯಾನನ್. ಅದರಲ್ಲಿನ 'ರೈಸ್' ಹಾಡಿಗೆ ಸಂಗೀತ ಒದಗಿಸಿದವರು ನಾರ್ತ್ ಕ್ಯಾರೊಲಿನಾದ ನೈನ್ತ್ ವಂಡರ್, ಹಳೆಯ ಸೋಲ್ ಸಂಗೀತದ ತುಣುಕುಗಳನ್ನು ಕತ್ತರಿಸಿ ಜೋಡಿಸಿ ಬೆಚ್ಚಗಿನ ಬೀಟ್ ಕಟ್ಟುವುದಕ್ಕೆ ಹೆಸರಾದವರು. ಇಲ್ಲಿ ಬದಲಾದದ್ದು ಬೀಟ್ ಮಾತ್ರವಲ್ಲ, ದನಿಯ ಭಾವವೂ ಬದಲಾಗಿದೆ. ಅದುವರೆಗೆ ಪ್ರವಚನ ಪೀಠದ ಮೇಲೆ ನಿಂತವರಂತೆ ಕೇಳಿಸುತ್ತಿದ್ದವರು ಇಲ್ಲಿ ಪಕ್ಕದ ಕುರ್ಚಿಗೆ ಬಂದು ಕುಳಿತು, ತಮ್ಮ ತಪ್ಪುಗಳನ್ನು ತಾವೇ ಹೇಳಿಕೊಳ್ಳುವವರಂತೆ ಕೇಳಿಸುತ್ತಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ 'ಗ್ರಾವಿಟಿ'ಯಲ್ಲಿ ಮಿಸಿಸಿಪ್ಪಿಯ ರಾಪರ್ ಬಿಗ್ ಕ್ರಿಟ್ ಒಂದು ಕಡೆ, ಗಾಸ್ಪೆಲ್ ಗಾಯಕ ಮಾಲಿ ಮ್ಯೂಸಿಕ್ ಇನ್ನೊಂದು ಕಡೆ. ಮಾಲಿ ಅವರೊಡನೆ ಹಾಡಿದ 'ಟೆಲ್ ದ ವರ್ಲ್ಡ್' ಪ್ರಾರ್ಥನೆಯೇ. ಬಿಗ್ ಕ್ರಿಟ್ ಅವರೊಡನೆ ಹಾಡಿದ 'ಮೇಡೇ' ಸಂಶಯ ಮತ್ತು ನಂಬಿಕೆಗಳ ನಡುವಿನ ಸಂವಾದ. ಈ ಆಲ್ಬಮ್ಮಿಗೆ 2013ರಲ್ಲಿ ಅತ್ಯುತ್ತಮ ಗಾಸ್ಪೆಲ್ ಆಲ್ಬಮ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಒಬ್ಬ ಹಿಪ್‌ಹಾಪ್ ಗಾಯಕನಿಗೆ ಆ ವಿಭಾಗದ ಪ್ರಶಸ್ತಿ ಬಂದದ್ದು ಅದೇ ಮೊದಲು.

2014ರ 'ಅನಾಮಲಿ' ಎಲ್ಲ ಬಗೆಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿಯೂ ಗಾಸ್ಪೆಲ್ ಪಟ್ಟಿಯಲ್ಲಿಯೂ ಏಕಕಾಲಕ್ಕೆ ಮೊದಲ ಸ್ಥಾನ ಪಡೆಯಿತು. ಇದರಲ್ಲಿ ತಮಗೆ ಉಪಯೋಗವಾಗುವ ಹಾಡು 'ಮೆಸೆಂಜರ್ಸ್'. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಬ್ಬರು ಸಹೋದರರ 'ಫಾರ್ ಕಿಂಗ್ ಆ್ಯಂಡ್ ಕಂಟ್ರಿ' ತಂಡ ಪಲ್ಲವಿಯನ್ನು ಹಾಡುತ್ತದೆ, ಲೆಕ್ರೇ ಚರಣಗಳನ್ನು ರಾಪ್ ಮಾಡುತ್ತಾರೆ. 2015ರಲ್ಲಿ ಇದಕ್ಕೂ ಗ್ರ್ಯಾಮಿ ಬಂತು. ಪಲ್ಲವಿ ಹಲವರ ಕಂಠದಲ್ಲಿ, ಚರಣ ಒಬ್ಬನ ಮಾತಿನಲ್ಲಿ ಎಂಬ ಈ ಹಂಚಿಕೆ ನಮ್ಮ ಗಾಯನ ಮಂಡಳಿಗಳಿಗೆ ಹೇಳಿ ಮಾಡಿಸಿದಂತಿದೆ.

2017ರ 'ಆಲ್ ಥಿಂಗ್ಸ್ ವರ್ಕ್ ಟುಗೆದರ್' ಕೊಲಂಬಿಯಾ ಎಂಬ ದೊಡ್ಡ ಸಂಸ್ಥೆಯ ಜೊತೆಗೂಡಿ ಬಂದದ್ದು. ಅದರಲ್ಲಿ ಲೌಕಿಕ ಗಾಯಕ ಟೈ ಡಾಲರ್ ಸೈನ್ ಅವರೊಡನೆ ಹಾಡಿದ 'ಬ್ಲೆಸಿಂಗ್ಸ್' ಬಹಳ ಜನರಿಗೆ ಪ್ರಿಯವಾದರೂ, ಅಲ್ಲಿ ಅತಿಥಿಯ ದನಿ ಹಾಡನ್ನು ತನ್ನ ಕಡೆಗೆ ಎಳೆದುಕೊಂಡಿದೆ ಎಂದು ನನ್ನ ಅಭಿಪ್ರಾಯ. ಅದೇ ಆಲ್ಬಮ್ಮಿನಲ್ಲಿ ಟೋರಿ ಕೆಲ್ಲಿ ಅವರೊಡನೆ ಹಾಡಿದ 'ಐಲ್ ಫೈಂಡ್ ಯೂ' ಹಾಗಲ್ಲ. ಕಾಯಿಲೆಯಲ್ಲಿಯೋ ದುಃಖದಲ್ಲಿಯೋ ಇರುವವರಿಗೆ ಧೈರ್ಯ ಹೇಳುವ ಆ ಹಾಡಿನಲ್ಲಿ ಹೆಣ್ಣು ದನಿ ಸಮಾಧಾನವನ್ನು ಹಾಡುತ್ತದೆ, ರಾಪ್ ಸಂಕಟವನ್ನು ಹೇಳುತ್ತದೆ. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ. ಆಸ್ಪತ್ರೆಯಲ್ಲಿ ನನ್ನ ತಂಗಿಯ ಪಕ್ಕದಲ್ಲಿ ಕುಳಿತು, ಒಂದೇ ಇಯರ್‌ಫೋನಿನ ಎರಡು ಎಳೆಗಳನ್ನು ಇಬ್ಬರೂ ಹಂಚಿಕೊಂಡು ಅದನ್ನು ಕೇಳಿದ್ದೇನೆ. ಆದ್ದರಿಂದ ಈ ಹಾಡಿನ ವಿಷಯದಲ್ಲಿ ನನ್ನ ತೀರ್ಪು ನಿಷ್ಪಕ್ಷಪಾತವೆಂದು ಹೇಳಲಾರೆ.

2020ರ 'ರೆಸ್ಟೊರೇಶನ್' ಆಲ್ಬಮ್ಮಿನಲ್ಲಿ ಲೌಕಿಕ ಗಾಯಕ ಜಾನ್ ಲೆಜೆಂಡ್ ಅವರೊಡನೆ 'ಡ್ರೌನ್', ಗಾಸ್ಪೆಲ್ ಗಾಯಕ ಕರ್ಕ್ ಫ್ರಾಂಕ್ಲಿನ್ ಅವರೊಡನೆ 'ಸಂಡೇ ಮಾರ್ನಿಂಗ್' ಇವೆ. ಗಾಸ್ಪೆಲ್ ಗಾಯಕಿ ಟಾಶಾ ಕಾಬ್ಸ್ ಲೆನರ್ಡ್ ಅವರೊಡನೆ ಹಾಡಿದ 'ಯುವರ್ ಪವರ್'ಗೆ 2024ರಲ್ಲಿ ಗ್ರ್ಯಾಮಿ ಬಂತು. ಅದೇ ಸಂಜೆ 2022ರ 'ಚರ್ಚ್ ಕ್ಲೋತ್ಸ್ 4' ಕೂಡ ಪ್ರಶಸ್ತಿ ಪಡೆಯಿತು. ಸಮಿತಿಗೆ ಕೇಳಿಸಲು 'ಮೆಸೆಂಜರ್ಸ್', 'ಐಲ್ ಫೈಂಡ್ ಯೂ', 'ಯುವರ್ ಪವರ್' ಎಂಬ ಮೂರನ್ನು ನಾನು ಸೂಚಿಸುತ್ತೇನೆ.

ಉತ್ತರ — ಕುಲಶೇಖರದ ಕೀಬೋರ್ಡ್

ಮೇಲಿನವರು ಒಂದು ಆಲ್ಬಮ್ಮನ್ನು ಬಿಟ್ಟಿದ್ದಾರೆ. ಸಂಗೀತ ನುಡಿಸುವವನಾದ ನನಗೆ ಅದೇ ಎಲ್ಲಕ್ಕಿಂತ ಮುಖ್ಯ. 2018ರ 'ಲೆಟ್ ದ ಟ್ರ್ಯಾಪ್ ಸೇ ಆಮೆನ್' ಪೂರ್ತಿಯಾಗಿ ಜೇಟೋವೆನ್ ಎಂಬ ಸಂಗೀತ ನಿರ್ಮಾಪಕರ ಜೊತೆ ಸೇರಿ ಮಾಡಿದ್ದು. ಅಟ್ಲಾಂಟಾದ ಟ್ರ್ಯಾಪ್ ಎಂಬ ಹಿಪ್‌ಹಾಪ್ ಶೈಲಿಯನ್ನು ಕಟ್ಟಿದವರಲ್ಲಿ ಅವರೊಬ್ಬರು, ಗೂಚಿ ಮೇನ್ ಮುಂತಾದ ರಾಪರ್‌ಗಳಿಗೆ ಬೀಟ್ ಕೊಟ್ಟವರು. ಅದೇ ಮನುಷ್ಯ ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಆ ಶೈಲಿಯ ಮೇಲ್ಭಾಗದಲ್ಲಿ ಕೇಳಿಸುವ ಕೀಬೋರ್ಡಿನ ಚಿಕ್ಕ ಚಿಕ್ಕ ಸಂಚಾರಗಳು ಬೇರೆಲ್ಲಿಂದಲೋ ಬಂದವಲ್ಲ, ಆರಾಧನೆಯ ಆರ್ಗನ್ ಪೀಠದಿಂದ ಇಳಿದು ಬಂದವು. ತಮ್ಮ ಹಿರಿಯರು ಇದನ್ನು ಕ್ಲಬ್ಬಿನ ಸಂಗೀತ ಎಂದರೆ, ಕ್ಲಬ್ಬು ಚರ್ಚಿನಿಂದ ಎರವಲು ಪಡೆದದ್ದನ್ನು ಲೆಕ್ರೇ ಮರಳಿ ತಂದಿದ್ದಾರೆ ಎಂದು ವಿನಯದಿಂದ ಹೇಳಬಹುದು.

ಇನ್ನು ಟ್ರ್ಯಾಪ್ ಹಾಡುಗಳಲ್ಲಿ ಕೇಳಿಸುವ ಆ ಆಳವಾದ ತಳದ ಸದ್ದಿನ ಬಗ್ಗೆ. ಅದು ಜಪಾನಿನ ರೋಲ್ಯಾಂಡ್ ಸಂಸ್ಥೆ 1980ರಲ್ಲಿ ಹೊರತಂದ ಟಿಆರ್-808 ಎಂಬ ತಾಳಯಂತ್ರದಿಂದ ಬಂದದ್ದು. ಯಂತ್ರದ ತಯಾರಿಕೆ 1983ರಲ್ಲಿಯೇ ನಿಂತುಹೋದರೂ ಅದರ ಸದ್ದು ಇಂದಿಗೂ ನಿಂತಿಲ್ಲ. ಟ್ರ್ಯಾಪ್ ಶೈಲಿಯಲ್ಲಿ ಆ ತಳದ ಪೆಟ್ಟು ಬಿದ್ದ ಕೂಡಲೇ ಮುಗಿಯುವುದಿಲ್ಲ. ಎಳೆದುಕೊಂಡು, ಒಮ್ಮೊಮ್ಮೆ ಶ್ರುತಿಯಲ್ಲಿ ಜಾರಿಕೊಂಡು ಹೋಗುತ್ತದೆ. ಇದನ್ನು ಮೊದಲ ಸಲ ಗಮನವಿಟ್ಟು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಗುಮಟ್ ವಾದ್ಯ. ನನ್ನ ಅಜ್ಜ, ಮದುವೆಗೆ ಮುನ್ನ ನಡೆಯುವ ರೋಸ್ ಸಮಾರಂಭಗಳಲ್ಲಿ ಅದನ್ನು ಬಾರಿಸುತ್ತಿದ್ದರು. ಮಣ್ಣಿನ ಗಡಿಗೆಯನ್ನು ತೋಳಿಗೆ ಒರಗಿಸಿಕೊಂಡು, ಒಂದು ಕೈಯಿಂದ ಚರ್ಮದ ಮೇಲೆ ಪೆಟ್ಟು ಕೊಡುತ್ತಾ, ಇನ್ನೊಂದು ಕೈಯ ಅಂಗೈಯಿಂದ ಹಿಂಬದಿಯ ಕಿರಿದಾದ ಬಾಯಿಯನ್ನು ಮುಚ್ಚಿ ತೆರೆಯುತ್ತಿದ್ದರು. ಮುಚ್ಚಿದಾಗ ಸದ್ದು ಕುಗ್ಗಿ ಒಳಗೇ ಉಳಿಯುತ್ತದೆ, ತೆರೆದಾಗ ಗುಂ ಎಂದು ಜಾರಿ ಹೊರಬರುತ್ತದೆ. ಆ ಜಾರುವಿಕೆಯೇ ಇಲ್ಲಿಯೂ ಇದೆ. ಉಡದ ಚರ್ಮ ಬಳಸುವುದನ್ನು ವನ್ಯಜೀವಿ ಕಾನೂನು ತಡೆದ ಮೇಲೆ ಆಡಿನ ಚರ್ಮದ ಗುಮಟ್ ಬಂದಿದೆ, ಸದ್ದು ಕೊಂಚ ಬೇರೆಯಾದರೂ ಕೆಲಸಕ್ಕೆ ಸಾಕು.

ನನ್ನ ಸಲಹೆ ಇಷ್ಟು. ಲೆಕ್ರೇ ಅವರ ಬೀಟನ್ನು ಅಂತರ್ಜಾಲದಿಂದ ಇಳಿಸಿಕೊಂಡು ಅದರ ಮೇಲೆ ಹಾಡಬೇಡಿ. ಅದು ಬೇರೆಯವರ ದುಡಿಮೆ, ಹಕ್ಕಿನ ಪ್ರಶ್ನೆಯೂ ಇದೆ. ಎರಡು ಗುಮಟ್, ಒಂದು ಕೀಬೋರ್ಡ್, ಕೈಚಪ್ಪಾಳೆ ಇಷ್ಟರಿಂದಲೇ ತಾವೇ ಒಂದು ಬೀಟ್ ಕಟ್ಟಿ. ಅವರು ಜೇಟೋವೆನ್ ಅವರ ಬಳಿಗೆ ಹೋದಂತೆ ತಾವೂ ಊರಿನ ಒಬ್ಬ ಗುಮಟ್ ವಾದಕರ ಬಳಿಗೆ ಹೋಗಿ. ಹಿರಿಯರ ಪೈಕಿಯೇ ಯಾರಾದರೂ ಬಾರಿಸಬಲ್ಲವರು ಇದ್ದರೆ ಇನ್ನೂ ಒಳ್ಳೆಯದು.

ಮಂಗಳೂರಿನ ಗಾಯಕಿ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಗುಮಟಿನ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಮ್ಮ ಸಮಿತಿಯಲ್ಲಿ ಗುಮಟ್ ಬಾರಿಸುವವರು ಒಬ್ಬರು ಇದ್ದಾರೆ, ಮತ್ತು ಆ ದಿನ ಹಾಡನ್ನು ನಿಲ್ಲಿಸಬೇಕೆಂದವರಲ್ಲಿ ಅವರೂ ಒಬ್ಬರು. ನಾಳೆಯೇ ಅವರ ಮನೆಗೆ ಹೋಗುತ್ತೇನೆ. ಆದರೆ ಲೌಕಿಕ ಗಾಯಕರೊಡನೆ ಹಾಡುವುದರಿಂದ ಸಂದೇಶ ತೆಳುವಾಗುವುದಿಲ್ಲವೇ ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ಜೊತೆಗೆ ನಮ್ಮ ಹುಡುಗರು ಬರೆಯುತ್ತಿರುವ ಸಾಲುಗಳಲ್ಲಿ ಕನ್ನಡ ಏಕೋ ಎಡವುತ್ತಿದೆ. ಇಂಗ್ಲಿಷಿನ ಓಟಕ್ಕೆ ಕನ್ನಡದ ಪದಗಳನ್ನು ತುರುಕಿದಂತೆ ಕೇಳಿಸುತ್ತದೆ.

ಉತ್ತರ — ಬಲ್ಮಠದ ಓದುಗ

ಎರಡೂ ಪ್ರಶ್ನೆಗಳಿಗೆ ಉತ್ತರ ನಮ್ಮ ಊರಿನ ಇತಿಹಾಸದಲ್ಲಿಯೇ ಇದೆ.

ಮೊದಲನೆಯದು. ತಮ್ಮನ್ನು ಕ್ರೈಸ್ತ ರಾಪರ್ ಎಂಬ ಒಂದೇ ಚೌಕಟ್ಟಿನೊಳಗೆ ಇಡಬಾರದು ಎಂದು ಲೆಕ್ರೇ ಹಲವು ಬಾರಿ ಹೇಳಿದ್ದಾರೆ, ಅದಕ್ಕಾಗಿ ಸ್ವಧರ್ಮೀಯರಿಂದಲೇ ಟೀಕೆಗೂ ಒಳಗಾಗಿದ್ದಾರೆ. ಆ ಟೀಕೆಯನ್ನು ಹಿರಿಯರಿಂದ ಮರೆಮಾಚಬೇಡಿ. ಆದರೆ ಒಂದು ವ್ಯತ್ಯಾಸವನ್ನು ತೋರಿಸಿ: ಹೊರಗಿನವರನ್ನು ಕರೆದಾಗಲೂ ತಾನು ಹೇಳಬೇಕಾದದ್ದನ್ನು ಅವರು ಬೇರೆಯವರ ಬಾಯಿಗೆ ಬಿಟ್ಟುಕೊಟ್ಟಿಲ್ಲ. ಬೀಟ್ ಕೊಟ್ಟವರು ಯಾರೇ ಇರಲಿ, ಪಲ್ಲವಿ ಹಾಡಿದವರು ಯಾರೇ ಇರಲಿ, ಸಾಕ್ಷಿ ಹೇಳುವ ಚರಣ ಅವರದೇ. ಒಂದೆರಡು ಹಾಡುಗಳಲ್ಲಿ ಈ ತೂಕ ತಪ್ಪಿರಬಹುದು. ಮಲ್ಪೆಯವರು ಹೇಳಿದ 'ಬ್ಲೆಸಿಂಗ್ಸ್' ಉದಾಹರಣೆಯನ್ನು ನಾನೂ ಒಪ್ಪುತ್ತೇನೆ. ಒಟ್ಟಿನಲ್ಲಿ ನೋಡಿದರೆ ಕ್ರಮ ಇದೇ.

ಇದೇನೂ ಹೊಸ ಕ್ರಮವಲ್ಲ. ಜೆಸ್ವಿತ್ ಗುರು ಥಾಮಸ್ ಸ್ಟೀಫನ್ಸ್ 1616ರಲ್ಲಿ ಕ್ರಿಸ್ತನ ಕಥೆಯನ್ನು ಪುರಾಣವೆಂಬ ಹೆಸರಿನಲ್ಲಿ, ಮರಾಠಿಯ ಸಂತಕವಿಗಳು ಬಳಸುತ್ತಿದ್ದ ಓವಿ ಛಂದಸ್ಸಿನಲ್ಲಿಯೇ ಹಾಡಿದರು. ಆ ಕ್ರಿಸ್ತಪುರಾಣದ ಒಂದು ಆವೃತ್ತಿ 1907ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಬದುಕನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. ಆಮೇಲೆ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ 1875ರಲ್ಲಿ ಇದೇ ಊರಿನಲ್ಲಿ ಅಚ್ಚು ಹಾಕಿಸಿದರು. ಅವರ ನಿಘಂಟು ಬಂದದ್ದು 1894ರಲ್ಲಿ, ಅದೂ ಇಲ್ಲಿಂದಲೇ. ನಂಬಿಕೆಯ ಮಾತನ್ನು ಊರಿನ ಧಾಟಿಯಲ್ಲಿ ಹೇಳುವುದಕ್ಕೆ ಮೊದಲು ಆ ಧಾಟಿಯನ್ನು ಶ್ರದ್ಧೆಯಿಂದ ಕಲಿತವರು ಇವರು.

ಎರಡನೆಯ ಪ್ರಶ್ನೆಗೂ ಕಿಟ್ಟೆಲ್ ಅವರ ಆ ಕೆಲಸವೇ ದಾರಿ ತೋರಿಸುತ್ತದೆ. ತಮ್ಮ ಹುಡುಗರು ಇಂಗ್ಲಿಷ್ ರಾಪಿನಂತೆ ಸಾಲಿನ ಕೊನೆಯಲ್ಲಿ ಮಾತ್ರ ಪ್ರಾಸ ಹುಡುಕುತ್ತಿರಬೇಕು. ಕನ್ನಡದಲ್ಲಿ ಸಾಲಿನ ಕೊನೆಗೆ ಕ್ರಿಯಾಪದ ಬರುವುದರಿಂದ ಮಾಡುತ್ತಾನೆ, ನೋಡುತ್ತಾನೆ, ಹಾಡುತ್ತಾನೆ ಎಂದು ಪ್ರಾಸ ಬಹಳ ಅಗ್ಗವಾಗಿ ಸಿಕ್ಕಿಬಿಡುತ್ತದೆ, ಅದಕ್ಕೇ ಬೇಸರ ಹುಟ್ಟಿಸುತ್ತದೆ. ಹಳೆಯ ಕವಿಗಳು ಪಾಲಿಸಿದ್ದು ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು. ರಾಪಿನಲ್ಲಿ ಬೀಟಿನ ಮೊದಲ ಪೆಟ್ಟು ಸಾಮಾನ್ಯವಾಗಿ ಬೀಳುವುದು ಸಾಲಿನ ಆರಂಭದಲ್ಲಿ. ಅಲ್ಲಿಯೇ ಪ್ರಾಸವೂ ಇದ್ದರೆ ಕಿವಿಗೆ ಬಿಗಿ ಸಿಗುತ್ತದೆ. ಮಂದಾನಿಲ ರಗಳೆಯ ನಾಲ್ಕು ಮಾತ್ರೆಗಳ ಗಣ ನಾಲ್ಕು ಪೆಟ್ಟಿನ ಬೀಟಿಗೆ ತಾನಾಗಿಯೇ ಕೂರುತ್ತದೆ. ಮಾದರಿಗಾಗಿ ನಾನೇ ಕಟ್ಟಿದ ನಾಲ್ಕು ಸಾಲುಗಳು:

ಮಡಿಲಲಿ ಮಲಗಿದ ಮಗುವನು ನೋಡು
ಕಡಲಿನ ಅಲೆಗೂ ಇಂದಿದೆ ಮೌನ
ನಡುಗುವ ಇರುಳಲಿ ಗೋದಲಿಯೊಳಗೆ
ಒಡೆಯನ ಜನನವ ಸಾರುವ ಗಾನ

ತೊಡೆಯ ಮೇಲೆ ತಾಳ ಹಾಕುತ್ತಾ, ಒಂದು ಪೆಟ್ಟಿಗೆ ಒಂದು ಗಣದಂತೆ ಹೇಳಿ ನೋಡಿ; ಪ್ರತಿ ಸಾಲಿನಲ್ಲಿಯೂ 'ಡ' ಒಂದೇ ಜಾಗದಲ್ಲಿ ಬಂದು ತಟ್ಟುತ್ತದೆ. ಸಾಲಿನ ಕೊನೆಯಲ್ಲಿ ಒಂದು ಮಾತ್ರೆ ಖಾಲಿ ಬಿಟ್ಟಿದ್ದೇನೆ, ಅದು ಉಸಿರಿಗೆ. ಹುಡುಗರು ಇದನ್ನು ಅನುಕರಿಸಬೇಕಾಗಿಲ್ಲ, ಕ್ರಮ ತಿಳಿದರೆ ಸಾಕು. ತಾಳಮದ್ದಳೆಯ ಅರ್ಥಧಾರಿಗಳ ಮಾತನ್ನು ಕೇಳುತ್ತಾ ಬೆಳೆದ ಜಿಲ್ಲೆಯ ಮಕ್ಕಳಿಗೆ, ನಿಂತಲ್ಲೇ ಮಾತು ಕಟ್ಟುವ ಕಲೆ ಪರಕೀಯವಾಗಲಾರದು.

ಉತ್ತರ — ಮೈಕ್ ಸೆಟ್, ಕಾರ್ಕಳ

ಸಂಗೀತದ ವಿಷಯವನ್ನು ಬಲ್ಲವರು ಹೇಳಿದ್ದಾರೆ. ನಾನು ಕೆಲಸದ ಎರಡು ಮಾತುಗಳನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಇಂಥ ಹಾಡುಗಳನ್ನು ಹಿರಿಯರು ಬೇಡವೆನ್ನುವುದಕ್ಕೆ ಅರ್ಧ ಕಾರಣ ಮಾತು ಕೇಳಿಸದಿರುವುದು.

ಸಮಿತಿಗೆ ಹಾಡುಗಳನ್ನು ಚರ್ಚಿನ ಒಳಗೆ ಕೇಳಿಸಬೇಡಿ. ಎತ್ತರದ ಮಾಡಿನ, ಬರಿಯ ಗೋಡೆಗಳ ಒಳಾಂಗಣದಲ್ಲಿ ಆ ತಳದ ಸದ್ದು ಸುತ್ತಿ ಸುತ್ತಿ ಬಂದು ಮಾತನ್ನು ನುಂಗುತ್ತದೆ. ಚಿಕ್ಕ ಕೋಣೆಯಲ್ಲಿ, ಒಳ್ಳೆಯ ಸ್ಪೀಕರಿನಲ್ಲಿ, ಹಾಡಿನ ಮಾತುಗಳ ಕನ್ನಡ ಅರ್ಥವನ್ನು ಕೈಗೆ ಕೊಟ್ಟು ಕೇಳಿಸಿ. ಕಾರ್ಯಕ್ರಮದ ದಿನ ಮೈದಾನದಲ್ಲಿ ಬೇಸ್ ಬಾಕ್ಸಿನ ಸದ್ದನ್ನು ದನಿಗಿಂತ ಕೆಳಗೆ ಇಡುವಂತೆ ಮಿಕ್ಸರಿನವರಿಗೆ ಮೊದಲೇ ಹೇಳಿ. ಗುಮಟಿಗೆ ಬೇರೆಯೇ ಮೈಕ್ ಬೇಕು, ಅದನ್ನು ಚರ್ಮದ ಕಡೆಗೆ ಮಾತ್ರ ಇಟ್ಟರೆ ಪೆಟ್ಟು ಕೇಳಿಸುತ್ತದೆ, ಗುಂಕಾರ ಕೇಳಿಸುವುದಿಲ್ಲ. ಹಿಂಬದಿಯ ಬಾಯಿಗೂ ಒಂದು ಇಡಿಸಿ. ಹುಡುಗರು ರಾಪ್ ಹಾಡುವಾಗ ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಹಾಗೆ ಹಿಡಿದರೆ ಮಾತು ಮಬ್ಬಾಗಿ ಕೂಯ್ ಎಂದು ಫೀಡ್‌ಬ್ಯಾಕ್ ಬರುತ್ತದೆ. ಹಿಡಿಯನ್ನೇ ಹಿಡಿದು, ಬಾಯಿಯಿಂದ ಎರಡು ಬೆರಳು ದೂರ ಇಟ್ಟು ಅಭ್ಯಾಸ ಮಾಡಿಸಿ.

ಮಂಗಳೂರಿನ ಗಾಯಕಿ

ಎಲ್ಲರಿಗೂ ವಂದನೆಗಳು. ಇಂದು ಸಂಜೆ ಗುಮಟ್ ಬಾರಿಸುವ ಹಿರಿಯರ ಮನೆಗೆ ಹೋಗಿದ್ದೆ. 'ಮೆಸೆಂಜರ್ಸ್' ಹಾಡನ್ನು ಎರಡು ಸಲ ಕೇಳಿದರು, 116ರ ಅರ್ಥವನ್ನು ಕೇಳಿ ತಮ್ಮ ಬೈಬಲ್ ತೆರೆದು ಆ ವಚನವನ್ನು ಓದಿದರು. ಟ್ರ್ಯಾಪ್ ಆಲ್ಬಮ್ಮಿನ ಒಂದು ಹಾಡಿಗೆ ಮಾತ್ರ ತಲೆ ಅಲ್ಲಾಡಿಸಿ, ಇದು ನನಗೆ ಹಿಡಿಸಲಿಲ್ಲ ಎಂದು ನೇರವಾಗಿಯೇ ಹೇಳಿದರು. ಬಲ್ಮಠದವರು ಬರೆದ ನಾಲ್ಕು ಸಾಲುಗಳನ್ನು ನಾನು ತಾಳ ಹಾಕಿ ಹೇಳುತ್ತಿದ್ದಾಗ ಒಳಗೆ ಹೋಗಿ ಕಪಾಟಿನ ಮೇಲಿಂದ ಗುಮಟನ್ನು ಇಳಿಸಿ, ಧೂಳು ಒರೆಸಿ ತಂದರು. ಚರ್ಮ ಸಡಿಲವಾಗಿದೆ, ಬಿಸಿಲಿಗೆ ಇಡಬೇಕು ಎಂದರು. ಶನಿವಾರದ ಅಭ್ಯಾಸಕ್ಕೆ ಬರುವುದಾಗಿ ಒಪ್ಪಿದ್ದಾರೆ. ಅಭ್ಯಾಸ ಬಿಟ್ಟುಹೋದ ಆ ಹುಡುಗನಿಗೆ ಈಗ ತಾನೇ ಫೋನ್ ಮಾಡಿದೆ, ಇನ್ನೂ ಎತ್ತಿಲ್ಲ. ನಾಳೆ ಬೆಳಿಗ್ಗೆ ಮನೆಗೇ ಹೋಗಿ ಕರೆಯುತ್ತೇನೆ.